ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಹೊರರೋಗಿ ಚಿಕಿತ್ಸೆ: ನ್ಯೂಯಾರ್ಕ್ ಕಾಯಿದೆಯ ಅರ್ಹತಾ ನಿಬಂಧನೆಗಳ ಚಾರಿತ್ರಿಕ ಪರಿಶೀಲನೆ

೧. ಪೀಠಿಕೆ

ಮನೋರೋಗಿಗಳ ವಿಷಯದಲ್ಲಿ ರಾಜ್ಯಕ್ಕೆ ಇರುವ ಅಧಿಕಾರವೆಷ್ಟು, ಅದರ ಹೊಣೆಯೆಷ್ಟು ಎಂಬ ಪ್ರಶ್ನೆ ಬಹು ಹಳೆಯದು. ಆಸ್ಪತ್ರೆಯ ಒಳಗಿರುವ ರೋಗಿಯ ಮಟ್ಟಿಗೆ ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಕಾಲಗಳಲ್ಲಿ ಉತ್ತರಗಳನ್ನು ಕಂಡುಕೊಂಡಿವೆ. ಆದರೆ ಆಸ್ಪತ್ರೆಯ ಹೊರಗೆ, ತನ್ನ ಮನೆಯಲ್ಲಿಯೇ ವಾಸಿಸುತ್ತಿರುವ ಒಬ್ಬ ವ್ಯಕ್ತಿಯನ್ನು ಕುರಿತು, ಆತನು ಇಂತಹ ವೈದ್ಯರನ್ನು ಕಾಣತಕ್ಕದ್ದು, ಇಂತಹ ಚಿಕಿತ್ಸೆಗೆ ಒಳಪಡತಕ್ಕದ್ದು ಎಂದು ನ್ಯಾಯಾಧೀಶರು ಆದೇಶ ಮಾಡುವ ಪದ್ಧತಿ ಈಚಿನದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ವಿಶೇಷವಾಗಿ ಬೆಳೆಯಿತು. ಅಲ್ಲಿನ ಕಾಯಿದೆಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದೂ ಹೆಚ್ಚು ಚರ್ಚೆಗೆ ಒಳಗಾದುದೂ ನ್ಯೂಯಾರ್ಕ್ ಸಂಸ್ಥಾನದ ೧೯೯೯ರ ಕಾಯಿದೆ.

ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಆ ಕಾಯಿದೆಯ ಒಂದು ಭಾಗವನ್ನು ಮಾತ್ರ. ಅಂತಹ ಆದೇಶಕ್ಕೆ ಯಾರು ಒಳಪಡಬಹುದು, ಯಾರು ಒಳಪಡಲಾರರು ಎಂಬುದನ್ನು ಗೊತ್ತುಮಾಡುವ ನಿಬಂಧನೆಗಳೇ ಆ ಭಾಗ. ಮೇಲುನೋಟಕ್ಕೆ ಇವು ವಕೀಲರ ಓದಿಗೆ ಸೇರಿದವೆಂದು ತೋರಬಹುದು. ಆದರೆ ಕಲ್ಲಿನ ಬರಹವೊಂದರಲ್ಲಿ ಅಕ್ಷರಗಳ ರೂಪಭೇದವನ್ನು ಗಮನಿಸಿ ಯಾವ ಸಾಲು ಯಾವ ಕಾಲದ್ದೆಂದು ನಿರ್ಣಯಿಸುವಂತೆ, ಈ ನಿಬಂಧನೆಗಳಲ್ಲಿಯೂ ಯಾವ ಮಾತು ಯಾವ ಕಾಲದ ವಾದದಿಂದ ಬಂದುದೆಂದು ಗುರುತಿಸಲು ಸಾಧ್ಯವಿದೆ. ಹಾಗೆ ಗುರುತಿಸಿದಾಗ, ನಿರ್ಬಂಧದ ಆಧಾರವು ವ್ಯಕ್ತಿಯ ಇಂದಿನ ಅಪಾಯದಿಂದ ಆತನ ಗತಚರಿತ್ರೆಯ ಕಡೆಗೆ ಸರಿದುದು ಹೇಗೆ ಎಂಬುದೂ, ಆ ಸರಿತದಲ್ಲಿ ಯಾರು ಲೆಕ್ಕಕ್ಕೆ ಬಾರದೆ ಉಳಿದರು ಎಂಬುದೂ ಸ್ಪಷ್ಟವಾಗುತ್ತದೆ.

೨. ಆಸ್ಪತ್ರೆಗಳು ಬರಿದಾದುದು

೧೯೫೫ರಲ್ಲಿ ಅಮೆರಿಕದ ಸಂಸ್ಥಾನ ಸರಕಾರಗಳ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು ೫,೫೯,೦೦೦ ರೋಗಿಗಳಿದ್ದರು. ನ್ಯೂಯಾರ್ಕ್ ಸಂಸ್ಥಾನವೊಂದರಲ್ಲಿಯೇ ಈ ಸಂಖ್ಯೆ ೯೩,೦೦೦ವನ್ನು ಮೀರಿತ್ತು. ಅನಂತರದ ದಶಕಗಳಲ್ಲಿ ಇದು ಎಡೆಬಿಡದೆ ಇಳಿಯುತ್ತ ಬಂದು, ಶತಮಾನದ ಅಂತ್ಯದ ಹೊತ್ತಿಗೆ ದೇಶದ ಒಟ್ಟು ಸಂಖ್ಯೆ ಹಿಂದಿನ ಐದನೆಯ ಒಂದು ಭಾಗಕ್ಕಿಂತಲೂ ಕೆಳಗೆ ಬಂದಿತ್ತು.

ಇದಕ್ಕೆ ಕಾರಣಗಳು ಹಲವು. ೧೯೫೪ರಿಂದ ಬಳಕೆಗೆ ಬಂದ ಕ್ಲೋರ್‌ಪ್ರೊಮಜೀನ್ ಎಂಬ ಔಷಧವು ಉಗ್ರ ಲಕ್ಷಣಗಳನ್ನು ಶಮನಗೊಳಿಸಿ, ಎಷ್ಟೋ ರೋಗಿಗಳು ಮನೆಗೆ ಹಿಂದಿರುಗುವುದನ್ನು ಸಾಧ್ಯವಾಗಿಸಿತು. ೧೯೬೩ರ ಅಕ್ಟೋಬರ್ ೩೧ರಂದು ಅಧ್ಯಕ್ಷ ಕೆನೆಡಿಯವರು ಅಂಕಿತ ಹಾಕಿದ ಕಾಯಿದೆಯು ಊರೂರುಗಳಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಸ್ಥಾಪಿಸುವ ಸಂಕಲ್ಪವನ್ನು ಮಾಡಿತು. ೧೯೬೫ರಲ್ಲಿ ಬಂದ ಮೆಡಿಕೇಡ್ ಯೋಜನೆಯು ಬಡವರ ವೈದ್ಯವೆಚ್ಚವನ್ನು ಕೇಂದ್ರ ಸರಕಾರವೂ ಹಂಚಿಕೊಳ್ಳುವ ಏರ್ಪಾಟಾಗಿದ್ದರೂ, ಮಾನಸಿಕ ಆಸ್ಪತ್ರೆಗಳಲ್ಲಿರುವ ವಯಸ್ಕರ ವೆಚ್ಚವನ್ನು ಅದರಿಂದ ಹೊರಗಿಟ್ಟಿತು. ಆದುದರಿಂದ ರೋಗಿಯನ್ನು ಆಸ್ಪತ್ರೆಯಿಂದ ಹೊರಕ್ಕೆ ಕಳುಹಿಸುವುದು ಸಂಸ್ಥಾನಗಳ ಬೊಕ್ಕಸಕ್ಕೆ ಲಾಭದಾಯಕವೂ ಆಯಿತು.

ಆದರೆ ಸಂಕಲ್ಪಿಸಿದ ಕೇಂದ್ರಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಕಾರ್ಯರೂಪಕ್ಕೆ ಬಂದವು. ಬಂದವುಗಳಲ್ಲಿಯೂ ಅನೇಕವು ತೀವ್ರವಾದ, ಬಹುಕಾಲದ ಮನೋರೋಗವುಳ್ಳವರನ್ನು ತಮ್ಮ ಮುಖ್ಯ ಕರ್ತವ್ಯವೆಂದು ಎಣಿಸಲಿಲ್ಲ. ಆಸ್ಪತ್ರೆಯ ಬಾಗಿಲು ತೆರೆದುದು ನಿಜ, ಆದರೆ ಹೊರಗೆ ಬಂದವರಿಗೆ ಸಿಗಬೇಕಾಗಿದ್ದ ನೆರಳು ಸಿಗಲಿಲ್ಲ. ಮುಂದಿನ ಶಾಸನ ರಚನೆಯೆಲ್ಲವನ್ನೂ ಈ ಕೊರತೆಯ ಹಿನ್ನೆಲೆಯಲ್ಲಿಯೇ ನೋಡತಕ್ಕದ್ದಾಗಿದೆ.

೩. ಅಪಾಯವೆಂಬ ಅಳತೆಗೋಲು

ಇದೇ ಕಾಲದಲ್ಲಿ ನ್ಯಾಯಾಲಯಗಳೂ ಈ ಕ್ಷೇತ್ರವನ್ನು ಪ್ರವೇಶಿಸಿದವು. ಅಲ್ಲಿಯವರೆಗೆ ಒಬ್ಬನಿಗೆ ಮನೋರೋಗವಿದೆ, ಆತನಿಗೆ ಚಿಕಿತ್ಸೆ ಬೇಕಾಗಿದೆ ಎಂದು ವೈದ್ಯರು ಹೇಳಿದರೆ ಆತನನ್ನು ಬಲವಂತವಾಗಿ ಆಸ್ಪತ್ರೆಗೆ ಸೇರಿಸಲು ಅನೇಕ ಸಂಸ್ಥಾನಗಳಲ್ಲಿ ಅಷ್ಟೇ ಸಾಕಾಗಿತ್ತು. ತಂದೆ ಮಕ್ಕಳನ್ನು ಕಾಯುವಂತೆ ರಾಜ್ಯವು ಅಸಹಾಯಕರನ್ನು ಕಾಯುತ್ತದೆ ಎಂಬ ಹಳೆಯ ಇಂಗ್ಲಿಷ್ ನ್ಯಾಯತತ್ತ್ವವೇ ಇದಕ್ಕೆ ಆಧಾರ.

ಈ ತತ್ತ್ವಕ್ಕೆ ಮಿತಿ ಹಾಕಿದ ತೀರ್ಪುಗಳಲ್ಲಿ ನಾಲ್ಕನ್ನು ಇಲ್ಲಿ ಹೆಸರಿಸುವುದು ಅವಶ್ಯ. ಮೊದಲನೆಯದು ೧೯೬೬ರಲ್ಲಿ ವಾಷಿಂಗ್‌ಟನ್ ನಗರದ ಮೇಲ್ಮನವಿ ನ್ಯಾಯಾಲಯವು ‘ಲೇಕ್ ಎದುರು ಕ್ಯಾಮೆರಾನ್’ ಮೊಕದ್ದಮೆಯಲ್ಲಿ ಕೊಟ್ಟುದು. ದಾರಿತಪ್ಪಿ ಅಲೆಯುತ್ತಿದ್ದ ವೃದ್ಧೆಯೊಬ್ಬರನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವ ಮುನ್ನ, ಅದಕ್ಕಿಂತ ಕಡಿಮೆ ನಿರ್ಬಂಧದ ಬೇರೆ ಮಾರ್ಗವುಂಟೋ ಎಂದು ವಿಚಾರಿಸಬೇಕೆಂದು ನ್ಯಾಯಾಧೀಶ ಬೇಜಲನ್ನರು ವಿಧಿಸಿದರು. ಎರಡನೆಯದು ವಿಸ್ಕಾನ್ಸಿನ್ ಸಂಸ್ಥಾನಕ್ಕೆ ಸಂಬಂಧಿಸಿದ ೧೯೭೨ರ ‘ಲೆಸ್ಸರ್ಡ್ ಎದುರು ಶ್ಮಿಟ್’. ಬಲವಂತದ ದಾಖಲೆಗೆ ರೋಗವಿದ್ದರೆ ಸಾಲದು. ವ್ಯಕ್ತಿಯು ತನಗೋ ಪರರಿಗೋ ಕೂಡಲೇ ಹಾನಿ ಮಾಡುವ ಪ್ರಬಲ ಸಂಭವವಿರಬೇಕು. ಅದಕ್ಕೆ ಇತ್ತೀಚಿನ ಕೃತ್ಯವೋ ಪ್ರಯತ್ನವೋ ಬೆದರಿಕೆಯೋ ಸಾಕ್ಷಿಯಾಗಿರಬೇಕು ಎಂಬುದು ಅದರ ಸಾರ.

ಮೂರನೆಯದು ಸರ್ವೋಚ್ಚ ನ್ಯಾಯಾಲಯವು ೧೯೭೫ರಲ್ಲಿ ‘ಓಕಾನರ್ ಎದುರು ಡೊನಾಲ್ಡ್‌ಸನ್’ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು. ಡೊನಾಲ್ಡ್‌ಸನ್ನರನ್ನು ಫ್ಲಾರಿಡದ ಆಸ್ಪತ್ರೆಯೊಂದರಲ್ಲಿ ಹದಿನೈದು ವರ್ಷಗಳಷ್ಟು ಕಾಲ ಇರಿಸಿಕೊಳ್ಳಲಾಗಿತ್ತು. ಅಪಾಯಕಾರಿಯಲ್ಲದ, ಸ್ವತಃ ಅಥವಾ ಬಂಧುಮಿತ್ರರ ನೆರವಿನಿಂದ ಹೊರಗೆ ಸುರಕ್ಷಿತವಾಗಿ ಬಾಳಬಲ್ಲ ವ್ಯಕ್ತಿಯನ್ನು ಸುಮ್ಮನೆ ಕೂಡಿಹಾಕಲು ರಾಜ್ಯಕ್ಕೆ ಅಧಿಕಾರವಿಲ್ಲವೆಂದು ನ್ಯಾಯಾಲಯ ಸಾರಿತು. ಸುರಕ್ಷಿತವಾಗಿ ಬಾಳುವ ಸಾಮರ್ಥ್ಯವೆಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ. ಮುಂದೆ ಅದು ಬೇರೊಂದು ಸ್ಥಳದಲ್ಲಿ ನಮ್ಮ ಕಣ್ಣಿಗೆ ಬೀಳಲಿದೆ. ನಾಲ್ಕನೆಯದು ೧೯೭೯ರ ‘ಆಡಿಂಗ್‌ಟನ್ ಎದುರು ಟೆಕ್ಸಸ್’. ಬಲವಂತದ ದಾಖಲೆಗೆ ಸ್ಪಷ್ಟವೂ ಮನಗಾಣಿಸುವಂತಹುದೂ ಆದ ಸಾಕ್ಷ್ಯವಾದರೂ ಇರಲೇಬೇಕೆಂದು ಇದು ನಿಗದಿಗೊಳಿಸಿತು.

ಈ ತೀರ್ಪುಗಳಿಂದ ಬಹು ಜನರಿಗೆ ಬಿಡುಗಡೆಯಾಯಿತು ಎಂಬುದು ನಿರ್ವಿವಾದ. ಆದರೆ ಇವುಗಳ ಫಲವಾಗಿ ಒಂದು ಹೊಸ ತೊಡಕೂ ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಚೇತರಿಸಿಕೊಂಡು ಮನೆಗೆ ಬರುವುದು, ಔಷಧ ನಿಲ್ಲಿಸುವುದು, ಸ್ಥಿತಿ ಕೆಡುವುದು, ಅಪಾಯದ ಅಂಚಿಗೆ ಬಂದಾಗ ಮತ್ತೆ ಆಸ್ಪತ್ರೆಗೆ ಸೇರುವುದು, ಹೀಗೆ ವರ್ಷಗಟ್ಟಲೆ ಸುತ್ತುವ ಒಂದು ಸಣ್ಣ ವರ್ಗ ಉಂಟಾಯಿತು. ಅಪಾಯವು ಪ್ರತ್ಯಕ್ಷವಾಗುವವರೆಗೆ ಕಾನೂನಿಗೆ ಇವರ ಬಳಿ ಪ್ರವೇಶವಿರಲಿಲ್ಲ. ಅದು ಪ್ರತ್ಯಕ್ಷವಾದಾಗ ಎಷ್ಟೋ ವೇಳೆ ಕಾಲ ಮಿಂಚಿರುತ್ತಿತ್ತು. ತಾಯಿತಂದೆಯರ ಅಳಲು ಹೆಚ್ಚಾಗಿ ಇದನ್ನು ಕುರಿತದ್ದಾಗಿತ್ತು.

ಉತ್ತರ ಕೆರೊಲಿನ ಸಂಸ್ಥಾನವು ೧೯೮೩ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ಒಬ್ಬನು ಸದ್ಯಕ್ಕೆ ಅಪಾಯಕಾರಿಯಲ್ಲದಿದ್ದರೂ, ಆತನ ಚಿಕಿತ್ಸೆಯ ಪೂರ್ವಚರಿತ್ರೆಯನ್ನು ನೋಡಿದರೆ ಚಿಕಿತ್ಸೆಯಿಲ್ಲದೆ ಸ್ಥಿತಿ ಕೆಟ್ಟು ಅಪಾಯಕ್ಕೆ ತಿರುಗುವುದು ನಿರೀಕ್ಷಿತವಾಗಿದ್ದರೆ, ಮತ್ತು ರೋಗದ ದೆಸೆಯಿಂದ ಆತನು ಚಿಕಿತ್ಸೆಯನ್ನು ತಿಳಿದು ಒಪ್ಪುವ ಶಕ್ತಿಯನ್ನು ಕಳೆದುಕೊಂಡಿದ್ದರೆ, ಹೊರರೋಗಿಯಾಗಿ ಚಿಕಿತ್ಸೆ ಪಡೆಯುವಂತೆ ಆತನಿಗೆ ಆದೇಶಿಸಬಹುದೆಂದು ಅದು ವಿಧಿಸಿತು. ಇತಿಹಾಸವು ಅರ್ಹತೆಯ ಅಂಗವಾದುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

೪. ನ್ಯೂಯಾರ್ಕ್ ಕಾಯಿದೆಯ ಹುಟ್ಟು

ನ್ಯೂಯಾರ್ಕ್ ಸಂಸ್ಥಾನವು ಈ ಮಾರ್ಗವನ್ನು ಒಮ್ಮೆಗೇ ಹಿಡಿಯಲಿಲ್ಲ. ೧೯೯೪ರ ಕಾಯಿದೆಯೊಂದು ನಗರದ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಮೂರು ವರ್ಷಗಳ ಪ್ರಯೋಗಕ್ಕೆ ಅವಕಾಶ ಕಲ್ಪಿಸಿತು. ಅದರ ಅಧ್ಯಯನದಲ್ಲಿ ೧೪೨ ಜನರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಇಬ್ಬರಿಗೂ ಹೆಚ್ಚಿನ ಸೇವೆಗಳನ್ನು ಒದಗಿಸಿ, ಒಂದು ಗುಂಪಿಗೆ ಮಾತ್ರ ನ್ಯಾಯಾಲಯದ ಆದೇಶವನ್ನೂ ಸೇರಿಸಲಾಯಿತು. ಎರಡು ಗುಂಪುಗಳ ನಡುವೆ ಗಮನಾರ್ಹವಾದ ವ್ಯತ್ಯಾಸ ಕಂಡುಬರಲಿಲ್ಲವೆಂದು ೧೯೯೮ರ ಕೊನೆಯಲ್ಲಿ ವರದಿಯಾಯಿತು. ಆದೇಶಕ್ಕಿಂತ ಸೇವೆಯೇ ಫಲಕಾರಿಯೆಂದು ಒಂದು ಪಕ್ಷವೂ, ಆದೇಶವನ್ನು ಉಲ್ಲಂಘಿಸಿದವರನ್ನು ಹಿಂದಕ್ಕೆ ಕರೆತರುವ ವ್ಯವಸ್ಥೆಯೇ ಸರಿಯಾಗಿ ನಡೆಯಲಿಲ್ಲವೆಂದು ಇನ್ನೊಂದು ಪಕ್ಷವೂ ಅದನ್ನು ಅರ್ಥೈಸಿದವು.

ವರದಿಯ ಚರ್ಚೆ ಮುಗಿಯುವ ಮೊದಲೇ, ೧೯೯೯ರ ಜನವರಿ ೩ರಂದು, ನಗರದ ೨೩ನೆಯ ಬೀದಿಯ ಸುರಂಗ ರೈಲು ನಿಲ್ದಾಣದಲ್ಲಿ ಕೆಂಡ್ರ ವೆಬ್‌ಡೇಲ್ ಎಂಬ ಮೂವತ್ತೆರಡು ವರ್ಷದ ಯುವತಿಯನ್ನು ಅಪರಿಚಿತನೊಬ್ಬನು ಬರುತ್ತಿದ್ದ ರೈಲಿನ ಮುಂದಕ್ಕೆ ತಳ್ಳಿದನು. ಆಕೆ ಅಲ್ಲಿಯೇ ಮರಣ ಹೊಂದಿದಳು. ತಳ್ಳಿದವನು ಸ್ಕಿಜೊಫ್ರೇನಿಯ ರೋಗಿ. ಆತನು ಹಿಂದೆಯೂ ಹಲವರ ಮೇಲೆ ಕೈ ಮಾಡಿದ್ದನು, ಔಷಧವನ್ನು ನಿಲ್ಲಿಸಿದ್ದೂ ಉಂಟು. ಇದರ ಜೊತೆಗೇ ಇನ್ನೊಂದು ಸಂಗತಿಯೂ ಅದೇ ವರ್ಷ ಬೆಳಕಿಗೆ ಬಂದಿತು. ಹಿಂದಿನ ಎರಡು ವರ್ಷಗಳಲ್ಲಿ ಆತನು ತಾನಾಗಿಯೇ ಮತ್ತೆ ಮತ್ತೆ ಆಸ್ಪತ್ರೆಗಳಿಗೆ ಹೋಗಿ ಚಿಕಿತ್ಸೆಯನ್ನು ಬೇಡಿದ್ದನು. ಪ್ರತಿ ಸಲವೂ ಅಲ್ಪ ಕಾಲ ಇರಿಸಿಕೊಂಡು ಹೊರಕ್ಕೆ ಕಳುಹಿಸಲಾಗಿತ್ತು. ಮೇಲ್ವಿಚಾರಣೆಯುಳ್ಳ ವಸತಿಯಲ್ಲಿ ಆತನಿಗೆ ಸ್ಥಳ ದೊರೆತಿರಲಿಲ್ಲ.

ಸಂಸ್ಥಾನದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಮಸೂದೆಯನ್ನು ಸೂಚಿಸಿದರು; ಮೃತಳ ತಂದೆತಾಯಿಗಳು ಅದಕ್ಕೆ ಬೆಂಬಲವಾಗಿ ನಿಂತರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಗವರ್ನರ್ ಜಾರ್ಜ್ ಪಟಾಕಿಯವರು ಅಂಕಿತ ಹಾಕಿದರು. ನವೆಂಬರಿನಲ್ಲಿ ಕಾಯಿದೆ ಜಾರಿಗೆ ಬಂದಿತು. ಜನರು ಅದನ್ನು ‘ಕೆಂಡ್ರ ಕಾಯಿದೆ’ ಎಂದೇ ಕರೆದರು.

೫. ನಿಬಂಧನೆಗಳು

ಈ ಕಾಯಿದೆಯ ಪ್ರಕಾರ ನ್ಯಾಯಾಲಯವು ಆದೇಶ ಕೊಡಬೇಕಾದರೆ ಏಳು ಸಂಗತಿಗಳು ಒಟ್ಟಿಗೆ ಸಿದ್ಧವಾಗಬೇಕು. ಅವು ಹೀಗಿವೆ: ವ್ಯಕ್ತಿಗೆ ಹದಿನೆಂಟು ವರ್ಷ ತುಂಬಿರಬೇಕು, ಆತನಿಗೆ ಮನೋರೋಗವಿರಬೇಕು, ಮೇಲ್ವಿಚಾರಣೆಯಿಲ್ಲದೆ ಸಮುದಾಯದಲ್ಲಿ ಸುರಕ್ಷಿತವಾಗಿ ಬಾಳುವ ಸಂಭವವಿಲ್ಲವೆಂದು ವೈದ್ಯಕೀಯ ನಿರ್ಣಯವಿರಬೇಕು, ಚಿಕಿತ್ಸೆಗೆ ಒಪ್ಪಿ ನಡೆಯದಿದ್ದ ಚರಿತ್ರೆ ಇರಬೇಕು, ತಾನಾಗಿ ಚಿಕಿತ್ಸೆಯಲ್ಲಿ ಭಾಗವಹಿಸುವ ಸಂಭವವಿಲ್ಲದಿರಬೇಕು, ರೋಗ ಮರುಕಳಿಸಿ ತನಗಾಗಲಿ ಪರರಿಗಾಗಲಿ ಗುರುತರ ಹಾನಿಯಾಗುವುದನ್ನು ತಪ್ಪಿಸಲು ಈ ಚಿಕಿತ್ಸೆ ಅಗತ್ಯವಾಗಿರಬೇಕು, ಇದರಿಂದ ಆತನಿಗೆ ಪ್ರಯೋಜನವಾಗುವ ಸಂಭವವಿರಬೇಕು. ಇವುಗಳ ಜೊತೆಗೆ, ಇದಕ್ಕಿಂತ ಕಡಿಮೆ ನಿರ್ಬಂಧದ ಬೇರೆ ಮಾರ್ಗವಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಇವೆಲ್ಲಕ್ಕೂ ಸ್ಪಷ್ಟವೂ ಮನಗಾಣಿಸುವಂತಹುದೂ ಆದ ಸಾಕ್ಷ್ಯ ಬೇಕು.

ನಾಲ್ಕನೆಯ ನಿಬಂಧನೆಯು ಎರಡು ಬಗೆಯಾಗಿದೆ. ಕಳೆದ ಮೂವತ್ತಾರು ತಿಂಗಳುಗಳಲ್ಲಿ ಕಡೆಯಪಕ್ಷ ಎರಡು ಬಾರಿ, ಚಿಕಿತ್ಸೆಯನ್ನು ಬಿಟ್ಟುದೇ ಆಸ್ಪತ್ರೆಗೆ ಸೇರಲು ಅಥವಾ ಸೆರೆಮನೆಯ ಮನೋವೈದ್ಯ ವಿಭಾಗದಲ್ಲಿ ಸೇವೆ ಪಡೆಯಲು ಮುಖ್ಯ ಕಾರಣವಾಗಿರಬೇಕು; ಇಲ್ಲವೆ ಕಳೆದ ನಲವತ್ತೆಂಟು ತಿಂಗಳುಗಳಲ್ಲಿ ತನ್ನ ಮೇಲೆ ಅಥವಾ ಪರರ ಮೇಲೆ ಗುರುತರವಾದ ಹಿಂಸಾಕೃತ್ಯಕ್ಕೆ, ಅಂತಹ ಪ್ರಯತ್ನಕ್ಕೆ ಅಥವಾ ಬೆದರಿಕೆಗೆ ಅದು ಕಾರಣವಾಗಿರಬೇಕು. ಈ ತಿಂಗಳುಗಳ ಎಣಿಕೆಯಲ್ಲಿ, ಈಗ ನಡೆಯುತ್ತಿರುವ ಅಥವಾ ಕಳೆದ ಆರು ತಿಂಗಳೊಳಗೆ ಮುಗಿದ ಆಸ್ಪತ್ರೆವಾಸ ಮತ್ತು ಸೆರೆವಾಸದ ಕಾಲವನ್ನು ಬಿಟ್ಟು ಲೆಕ್ಕಮಾಡಬೇಕು. ಒಳಗಿದ್ದ ಕಾಲವು ಹೊರಗಿನ ನಡತೆಯನ್ನು ತಿಳಿಸಲಾರದೆಂಬುದು ಇದರ ತರ್ಕ.

ಈಗ ಈ ನಿಬಂಧನೆಗಳನ್ನು ಹಿಂದಿನ ಪ್ರಕರಣಗಳೊಡನೆ ಹೋಲಿಸಿ ನೋಡಬಹುದು. ಕಡಿಮೆ ನಿರ್ಬಂಧದ ಮಾರ್ಗವೆಂಬ ಮಾತು ೧೯೬೬ರ ತೀರ್ಪಿನ ಬಳುವಳಿ. ಸಾಕ್ಷ್ಯದ ಪ್ರಮಾಣವು ೧೯೭೯ರದು. ಸುರಕ್ಷಿತವಾಗಿ ಬಾಳುವ ಮಾತು ೧೯೭೫ರದು. ಆದರೆ ಇಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದಾಗಿದೆ. ಡೊನಾಲ್ಡ್‌ಸನ್ನರ ಮೊಕದ್ದಮೆಯಲ್ಲಿ ಆ ಮಾತು ರೋಗಿಯ ಕೈಯಲ್ಲಿದ್ದ ರಕ್ಷಣೆಯಾಗಿತ್ತು. ಹೊರಗೆ ಬಾಳಬಲ್ಲವನನ್ನು ರಾಜ್ಯವು ಕೂಡಿಹಾಕಬಾರದೆಂದು ಅದು ತಡೆಯಿತು. ೧೯೯೯ರಲ್ಲಿ ಅದೇ ಮಾತು ನಿಷೇಧರೂಪದಲ್ಲಿ ನಿಂತು, ರಾಜ್ಯದ ಪ್ರವೇಶಕ್ಕೆ ಬಾಗಿಲಾಯಿತು. ಪದ ಒಂದೇ, ಆದರೆ ಅದು ಯಾರ ಪರವಾಗಿ ಮಾತನಾಡುತ್ತದೆಯೆಂಬುದು ಬದಲಾಗಿದೆ.

ಲೆಸ್ಸರ್ಡ್ ತೀರ್ಪಿನ ಇತ್ತೀಚಿನ ಕೃತ್ಯವು ಇಲ್ಲಿ ನಲವತ್ತೆಂಟು ತಿಂಗಳುಗಳಷ್ಟು ಹಿಂದಕ್ಕೆ ಹಿಗ್ಗಿದೆ. ಇದು ಕೇವಲ ಸಡಿಲಿಕೆಯೆಂದು ತಿಳಿಯಬಾರದು. ವೈದ್ಯರ ಭವಿಷ್ಯವಾಣಿಯನ್ನು ಮಾತ್ರ ನಂಬಿ ಒಬ್ಬನನ್ನು ನಿರ್ಬಂಧಿಸಬಾರದು, ಎಣಿಸಬಹುದಾದ, ದಾಖಲೆಯಿಂದ ತೋರಿಸಬಹುದಾದ ಘಟನೆಗಳಿರಬೇಕು ಎಂಬ ಎಚ್ಚರಿಕೆಯೂ ಇದರಲ್ಲಿ ಅಡಗಿದೆ. ಮೊದಲನೆಯ ಬಾರಿ ರೋಗಕ್ಕೆ ತುತ್ತಾದವನನ್ನು ಈ ಕಾಯಿದೆ ಸಾಮಾನ್ಯವಾಗಿ ಮುಟ್ಟಲಾರದು.

ಅರ್ಜಿದಾರರಾಗುವ ಅರ್ಹತೆಯೂ ಗೊತ್ತುಪಡಿಸಲ್ಪಟ್ಟಿದೆ. ಜೊತೆಯಲ್ಲಿ ವಾಸಿಸುವ ವಯಸ್ಕರು, ತಂದೆತಾಯಿ, ಪತಿಪತ್ನಿ, ವಯಸ್ಕ ಒಡಹುಟ್ಟಿದವರು ಹಾಗೂ ಮಕ್ಕಳು, ಆಸ್ಪತ್ರೆಯ ನಿರ್ದೇಶಕರು, ಚಿಕಿತ್ಸೆ ನೀಡುತ್ತಿರುವ ಮನೋವೈದ್ಯರು ಮೊದಲಾದವರು ಅರ್ಜಿ ಹಾಕಬಹುದು. ಅರ್ಜಿಗೆ ಹಿಂದಿನ ಹತ್ತು ದಿನಗಳೊಳಗೆ ವ್ಯಕ್ತಿಯನ್ನು ಪರೀಕ್ಷಿಸಿದ, ಅಥವಾ ಪರೀಕ್ಷಿಸಲು ಪ್ರಯತ್ನಿಸಿ ವಿಫಲರಾದ ವೈದ್ಯರ ಪ್ರಮಾಣಪತ್ರವಿರಬೇಕು. ವ್ಯಕ್ತಿಗೆ ವಕೀಲರ ನೆರವು ಸಲ್ಲುತ್ತದೆ. ಲಿಖಿತ ಚಿಕಿತ್ಸಾ ಯೋಜನೆಯಿಲ್ಲದೆ ಆದೇಶವಾಗುವಂತಿಲ್ಲ. ಮೊದಲನೆಯ ಆದೇಶದ ಗರಿಷ್ಠ ಅವಧಿ ಆರು ತಿಂಗಳಿದ್ದುದು ೨೦೧೩ರ ತಿದ್ದುಪಡಿಯಿಂದ ಒಂದು ವರ್ಷವಾಯಿತು.

೬. ಆಕ್ಷೇಪಣೆ ಮತ್ತು ತೀರ್ಪು

ಆದೇಶಕ್ಕೆ ಒಳಗಾದವನು ಅದನ್ನು ಪಾಲಿಸದಿದ್ದರೆ ಏನಾಗುತ್ತದೆ? ವೈದ್ಯರ ನಿರ್ದೇಶನದ ಮೇರೆಗೆ ಆತನನ್ನು ಆಸ್ಪತ್ರೆಗೆ ಕರೆದೊಯ್ದು, ದಾಖಲೆ ಅವಶ್ಯವೇ ಎಂಬುದನ್ನು ನಿರ್ಣಯಿಸಲು ಎಪ್ಪತ್ತೆರಡು ಗಂಟೆಗಳವರೆಗೆ ಇರಿಸಿಕೊಳ್ಳಬಹುದು. ಇದಕ್ಕಿಂತ ಹೆಚ್ಚಿನ ದಂಡನೆಯಿಲ್ಲ. ನ್ಯಾಯಾಲಯ ನಿಂದನೆಯ ಆರೋಪವಿಲ್ಲ. ಬಲವಂತವಾಗಿ ಔಷಧ ಕೊಡಲು ಈ ಆದೇಶವು ಅಧಿಕಾರ ನೀಡುವುದಿಲ್ಲ.

ಈ ಕೊನೆಯ ಅಂಶವೇ ೨೦೦೪ರ ಫೆಬ್ರವರಿಯಲ್ಲಿ ಕಾಯಿದೆಯನ್ನು ಉಳಿಸಿತು. ಔಷಧವನ್ನು ನಿರಾಕರಿಸುವ ಹಕ್ಕನ್ನು ಸಂಸ್ಥಾನದ ಅತ್ಯುನ್ನತ ನ್ಯಾಯಾಲಯವು ೧೯೮೬ರಲ್ಲಿಯೇ ಎತ್ತಿಹಿಡಿದಿತ್ತು. ನಿರ್ಧರಿಸುವ ಸಾಮರ್ಥ್ಯ ಇಲ್ಲವೆಂದು ಮೊದಲು ಸಾಬೀತಾಗದೆ ಒಬ್ಬನ ಮೇಲೆ ಚಿಕಿತ್ಸೆ ಹೇರಬಾರದೆಂದು ಅದು ಹೇಳಿತ್ತು. ಉತ್ತರ ಕೆರೊಲಿನದ ಕಾಯಿದೆಯಲ್ಲಿ ಇಂತಹ ನಿಬಂಧನೆ ಇದ್ದುದನ್ನು ಮೇಲೆ ಕಂಡೆವು, ನ್ಯೂಯಾರ್ಕಿನದರಲ್ಲಿ ಅದಿಲ್ಲ. ಆದುದರಿಂದ ಕಾಯಿದೆ ಅಸಿಂಧುವೆಂದು ವಾದಿಸಲಾಯಿತು. ಮುಖ್ಯ ನ್ಯಾಯಾಧೀಶೆ ಜೂಡಿತ್ ಕೇ ಅವರು ಈ ವಾದವನ್ನು ಒಪ್ಪಲಿಲ್ಲ. ಆದೇಶವು ಔಷಧವನ್ನು ಬಲವಂತವಾಗಿ ಹೇರುವುದಿಲ್ಲವಾದ ಕಾರಣ ಅಸಾಮರ್ಥ್ಯದ ಪ್ರತ್ಯೇಕ ನಿರ್ಣಯ ಅವಶ್ಯವಿಲ್ಲವೆಂದು ತೀರ್ಪಾಯಿತು. ಇದರಿಂದ ಒಂದು ವಿಚಿತ್ರ ಸ್ಥಿತಿ ಏರ್ಪಟ್ಟಿತೆನ್ನಬಹುದು: ಆದೇಶವು ಸಿಂಧುವಾಗಿರುವುದು ಅದರಲ್ಲಿ ಬಲವಿಲ್ಲದಿರುವುದರಿಂದ, ಅದು ಫಲಿಸುವುದಾದರೋ ಬಹುಮಟ್ಟಿಗೆ ನ್ಯಾಯಾಲಯದ ಗಾಂಭೀರ್ಯದಿಂದ.

ಕ್ಯಾಲಿಫೋರ್ನಿಯವು ೨೦೦೨ರಲ್ಲಿ ಬಹುಮಟ್ಟಿಗೆ ಇದೇ ನಿಬಂಧನೆಗಳನ್ನು ಸ್ವೀಕರಿಸಿತು. ೨೦೦೧ರ ಜನವರಿಯಲ್ಲಿ ನೆವಾಡ ಕೌಂಟಿಯಲ್ಲಿ ಗುಂಡಿಗೆ ಬಲಿಯಾದ ಲಾರಾ ವಿಲ್ಕಾಕ್ಸ್ ಎಂಬ ತರುಣಿಯ ಹೆಸರು ಆ ಕಾಯಿದೆಗೆ ಬಂದಿತು. ಆದರೆ ಅಲ್ಲಿ ಚಿಕಿತ್ಸೆಯನ್ನು ಮೊದಲು ನೀಡಲು ಮುಂದಾಗಿ, ಅದನ್ನು ವ್ಯಕ್ತಿಯು ಸ್ವೀಕರಿಸದೆ ಹೋಗಿರಬೇಕೆಂಬುದು ಸ್ಪಷ್ಟವಾದ ನಿಬಂಧನೆ. ಜಾರಿಗೆ ತರುವುದು ಕೌಂಟಿಗಳ ಇಚ್ಛೆಗೆ ಬಿಟ್ಟಿದ್ದುದರಿಂದ, ೨೦೦೮ರಲ್ಲಿ ನೆವಾಡ ಕೌಂಟಿಯೇ ಅದನ್ನು ಪೂರ್ಣವಾಗಿ ಜಾರಿಗೊಳಿಸಿ ದಾರಿ ತೋರಬೇಕಾಯಿತು.

೭. ಉಪಸಂಹಾರ

ಈ ಕಾಯಿದೆಯ ಫಲವನ್ನು ಕುರಿತ ಅಧ್ಯಯನಗಳು ಒಂದೇ ಮಾತನ್ನು ಹೇಳುವುದಿಲ್ಲ. ನ್ಯೂಯಾರ್ಕಿನ ಬಗ್ಗೆ ೨೦೦೯ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ವಿದ್ವಾಂಸರ ನೇತೃತ್ವದಲ್ಲಿ ನಡೆದ ಮೌಲ್ಯಮಾಪನವು, ಆದೇಶಕ್ಕೆ ಒಳಪಟ್ಟವರಲ್ಲಿ ಆಸ್ಪತ್ರೆವಾಸ ಕಡಿಮೆಯಾಯಿತೆಂದು ಕಂಡಿತು. ಆದರೆ ಆ ಸಂಸ್ಥಾನವು ಸೇವೆಗಳಿಗಾಗಿ ವಿಶೇಷವಾಗಿ ಹಣ ಸುರಿದುದನ್ನು ಮರೆಯಬಾರದೆಂದೂ ಎಚ್ಚರಿಸಿತು. ಇಂಗ್ಲೆಂಡಿನಲ್ಲಿ ನ್ಯಾಯಾಲಯದ ಬದಲು ವೈದ್ಯರೇ ಹೊರಡಿಸುವ ಇಂತಹ ಆದೇಶಗಳನ್ನು ಕುರಿತು ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯು, ಅವುಗಳಿಂದ ಮರುದಾಖಲೆ ಕಡಿಮೆಯಾಗಲಿಲ್ಲವೆಂದು ತಿಳಿಸಿತು. ನ್ಯೂಯಾರ್ಕಿನಲ್ಲಿ ಕರಿಯ ಜನರು ತಮ್ಮ ಜನಸಂಖ್ಯೆಯ ಪ್ರಮಾಣಕ್ಕಿಂತ ಬಹು ಹೆಚ್ಚಾಗಿ ಆದೇಶಗಳಿಗೆ ಒಳಪಟ್ಟಿರುವುದು ೨೦೦೫ರಿಂದ ಚರ್ಚೆಯಲ್ಲಿದೆ. ಇದು ಆಯ್ಕೆಯಲ್ಲಿನ ಪಕ್ಷಪಾತವಲ್ಲ, ಅವರು ಸಾರ್ವಜನಿಕ ಆಸ್ಪತ್ರೆಗಳನ್ನು ಹೆಚ್ಚಾಗಿ ಅವಲಂಬಿಸಿದ್ದುದರ ಫಲ ಎಂದು ೨೦೦೯ರ ವರದಿ ವಿವರಿಸಿತು. ಈ ವಿವರಣೆಯನ್ನು ಒಪ್ಪಿದರೂ ಪ್ರಶ್ನೆ ಉಳಿಯುತ್ತದೆಂಬುದು ನಮ್ಮ ಅಭಿಪ್ರಾಯ. ಅರ್ಹತೆಯು ಗತಚರಿತ್ರೆಯನ್ನು ಆಧರಿಸಿದಾಗ, ಆ ಚರಿತ್ರೆಯನ್ನು ಬರೆದಿಟ್ಟವರು ಯಾರು, ಯಾರ ಚರಿತ್ರೆ ಹೆಚ್ಚಾಗಿ ದಾಖಲಾಗುತ್ತದೆ ಎಂಬುದೂ ನ್ಯಾಯದ ಪ್ರಶ್ನೆಯೇ ಆಗುತ್ತದೆ. ಸರಕಾರಿ ಆಸ್ಪತ್ರೆ ಮತ್ತು ಸೆರೆಮನೆಗಳ ಕಡತಗಳಲ್ಲಿ ಬಡವನ ಬಾಳು ಉಳ್ಳವನ ಬಾಳಿಗಿಂತ ವಿವರವಾಗಿ ಬರೆಯಲ್ಪಟ್ಟಿರುತ್ತದೆ.

ಕಾಯಿದೆಯ ಅವಧಿಯನ್ನು ಶಾಸನಸಭೆಯು ಶಾಶ್ವತಗೊಳಿಸದೆ ಕಂತುಕಂತಾಗಿ ಬೆಳೆಸುತ್ತ ಬಂದಿದೆ. ೨೦೨೨ರಲ್ಲಿ ೨೦೨೭ರವರೆಗೆ ವಿಸ್ತರಿಸಿತು. ಆಗಲೇ ಒಂದು ಹೊಸ ನಿಬಂಧನೆಯೂ ಸೇರಿತು. ಹಿಂದಿನ ಆದೇಶ ಮುಗಿದ ಆರು ತಿಂಗಳೊಳಗೆ ರೋಗಲಕ್ಷಣಗಳು ಬಹುವಾಗಿ ಹೆಚ್ಚಿ ದೈನಂದಿನ ಬಾಳಿಗೆ ಅಡ್ಡಿಯಾದರೆ, ಮೂವತ್ತಾರು ಮತ್ತು ನಲವತ್ತೆಂಟು ತಿಂಗಳುಗಳ ಚರಿತ್ರೆಯನ್ನು ಮತ್ತೆ ಸಾಧಿಸಬೇಕಾಗಿಲ್ಲ. ಹಿಂದಿನ ಆದೇಶವೇ ಈಗ ಚರಿತ್ರೆಯ ಸ್ಥಾನದಲ್ಲಿ ನಿಲ್ಲುತ್ತದೆ.

ಕಡೆಯದಾಗಿ ಐದನೆಯ ನಿಬಂಧನೆಯನ್ನು ಮತ್ತೊಮ್ಮೆ ನೋಡೋಣ. ತಾನಾಗಿ ಚಿಕಿತ್ಸೆಯಲ್ಲಿ ಭಾಗವಹಿಸುವ ಸಂಭವವಿಲ್ಲದವನೇ ಈ ಆದೇಶಕ್ಕೆ ಅರ್ಹನು. ಸ್ವಾತಂತ್ರ್ಯದ ದೃಷ್ಟಿಯಿಂದ ಇದು ಸರಿಯಾದ ನಿಬಂಧನೆ. ಒಪ್ಪುವವನನ್ನು ಬಲವಂತಪಡಿಸುವುದು ಅನ್ಯಾಯ. ಆದರೆ ಆದೇಶಕ್ಕೆ ಒಳಪಟ್ಟವನಿಗೆ ಲಿಖಿತ ಯೋಜನೆಯುಂಟು, ಆತನ ಮೇಲೆ ಗಮನವಿಡುವ ಕಾರ್ಯಕರ್ತರುಂಟು, ಸೇವೆಗಳಲ್ಲಿ ಆತನಿಗೆ ಆದ್ಯತೆಯುಂಟು. ಬಾಗಿಲಿಗೆ ಬಂದು ಚಿಕಿತ್ಸೆಯನ್ನು ಬೇಡುವವನಿಗೆ ಈ ಕಾಯಿದೆ ಇವು ಯಾವುದನ್ನೂ ವಾಗ್ದಾನ ಮಾಡುವುದಿಲ್ಲ. ಕೆಲವು ಕೌಂಟಿಗಳು ನ್ಯಾಯಾಲಯಕ್ಕೆ ಹೋಗುವ ಮೊದಲು ಸ್ವಯಂ ಒಪ್ಪಂದದ ಮೂಲಕ ಹೆಚ್ಚಿನ ಸೇವೆ ಕೊಡುವ ಕ್ರಮವನ್ನು ಅನುಸರಿಸಿವೆಯೆಂಬುದು ಇಲ್ಲಿ ಸ್ಮರಣೀಯ. ಆದರೆ ಅದು ಆಡಳಿತದ ಔದಾರ್ಯವೇ ಹೊರತು ರೋಗಿಯ ಹಕ್ಕಲ್ಲ.

೧೯೯೯ರ ಜನವರಿಯ ದುರಂತದಲ್ಲಿ ಎರಡು ವೈಫಲ್ಯಗಳು ಕೂಡಿಕೊಂಡಿದ್ದವು: ಚಿಕಿತ್ಸೆಯನ್ನು ರೋಗಿಯು ಬಿಟ್ಟುದು ಒಂದು, ರೋಗಿಯನ್ನು ಚಿಕಿತ್ಸೆಯು ಬಿಟ್ಟುದು ಇನ್ನೊಂದು. ಶಾಸನಸಭೆಯು ಮೊದಲನೆಯದನ್ನು ತಿಂಗಳುಗಳಲ್ಲಿ ಅಳೆದು ಅರ್ಹತೆಯ ನಿಬಂಧನೆಯಾಗಿ ಬರೆಯಿತು. ಎರಡನೆಯದನ್ನು ಅಳೆಯುವ ನಿಬಂಧನೆ ಅದರಲ್ಲಿಲ್ಲ. ಒಬ್ಬ ವ್ಯಕ್ತಿಯು ಎಷ್ಟು ಬಾರಿ ಚಿಕಿತ್ಸೆಯಿಂದ ದೂರ ಸರಿದನೆಂಬುದನ್ನು ಎಣಿಸುವ ಕಾಯಿದೆಯು, ಎಷ್ಟು ಬಾರಿ ಆತನನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಲಾಯಿತೆಂಬುದನ್ನೂ ಎಣಿಸಿದಾಗ ಮಾತ್ರ, ರಾಜ್ಯದ ಅಧಿಕಾರವೂ ಹೊಣೆಯೂ ಸಮತೂಕಕ್ಕೆ ಬಂದಾವೆಂದು ಹೇಳಬಹುದಾಗಿದೆ.